ಸವರಿದ ಸೇರು

"ತುಂಬು ಮಗಳೇ, ಬೇಕಾದಷ್ಟು ಸಲ ತುಂಬು. ಆದ್ರೆ ಆ ಸೇರಿನ ಬಾಯಿ ಮಾತ್ರ ಸವರಬೇಡ," ಎಂದರು ಅತ್ತೆ.

ಸೊಸೆ ನಕ್ಕಳು. ಅವಳು ಇತಿಹಾಸದ ಟೀಚರು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಒಂದೆರಡು ಸುಗ್ಗಿ ಕಳೆದಿದ್ದವಷ್ಟೇ. ಹಳ್ಳಿಗೂ ಪೇಟೆಗೂ ನಡುವೆ ಪಾಳು ಬಿದ್ದಿದ್ದ ಹಳೆಯ ಕಣಜಕ್ಕೆ ಊರಿನವರು ಸುಣ್ಣ ಹೊಡೆಸಿ, ಹಿಂದಿನವರ ಸಾಮಾನುಗಳನ್ನೆಲ್ಲ ಅಲ್ಲಿ ಜೋಡಿಸಿಡುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು. ನೇಗಿಲು ಬಂತು, ನೊಗ ಬಂತು, ಮೊರ, ಕುಡುಗೋಲು, ಬೀಸುವ ಕಲ್ಲು ಬಂದವು. ಕಣಜದ ಮೂಲೆಯಲ್ಲಿ ಬಾಯಿ ಕೆಳಗಾಗಿ ಮಗುಚಿದ್ದ, ಕಬ್ಬಿಣದ ಪಟ್ಟಿ ಬಿಗಿದ ಮರದ ಸೇರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಿಂದೆ ಕೂಲಿಯವರಿಗೆ ಕಾಳು ಅಳೆದು ಕೊಡುತ್ತಿದ್ದ ಸೇರು ಅದು.

"ಸವರಿದ್ರೆ ಏನಾಗುತ್ತೆ ಅತ್ತೆ? ದೆವ್ವ ಬಂದು ನನಗೆ ಲೆಕ್ಕದ ಪಾಠ ಮಾಡುತ್ತಾ?"

"ಕಮ್ಮಿ ಬೀಳುತ್ತೆ ಮಗಳೇ."

"ಏನು ಕಮ್ಮಿ?"

ಅತ್ತೆ ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗಳ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದು, ಅಂಚನ್ನು ಮೆತ್ತಗೆ ಒತ್ತಿದರು. ಅವರ ರೀತಿಯೇ ಹಾಗೆ. ಸೊಸೆ ಶಾಲೆಯಿಂದ ಬರುವ ಹೊತ್ತಿಗೆ ಕಾಲು ತೊಳೆಯಲು ಬಿಸಿನೀರು ಕಾದಿರುತ್ತಿತ್ತು. ಹಾಲಿನ ಕೆನೆ ಅವಳ ಲೋಟಕ್ಕೇ ಬೀಳುತ್ತಿತ್ತು. ಬೈದರೂ, ಕರೆದರೂ, ಮಾತಿನ ಕೊನೆಗೆ 'ಮಗಳೇ' ಎನ್ನದೆ ಅವರಿಗೆ ಮಾತು ಮುಗಿದಂತೆ ಆಗುತ್ತಿರಲಿಲ್ಲ.

ಈ ಊರಲ್ಲಿ ಅಳತೆಯನ್ನು ಯಾರೂ ಸವರಿ ಸಮ ಮಾಡುತ್ತಿರಲಿಲ್ಲ. ಹಾಲಿನವಳು ಚೊಂಬು ತುಂಬಿದ ಮೇಲೂ ಒಂದು ಧಾರೆ ಸುರಿಯುತ್ತಿದ್ದಳು. ಬಟ್ಟೆ ಅಂಗಡಿಯವನು ಅಳೆದ ಮೇಲೆ ಒಂದು ಗೇಣು ಬಿಟ್ಟು ಕತ್ತರಿ ಇಡುತ್ತಿದ್ದ. ಕಾಳು ಅಳೆದವರು ಮೇಲೊಂದು ಹಿಡಿ ಹಾಕುತ್ತಿದ್ದರು. ಇದನ್ನು ಕಂಡು ಮೆಚ್ಚಿದ ಸೊಸೆ, ಸೇರಿನ ಮುಂದಿಡಲು ದಪ್ಪ ಅಕ್ಷರದಲ್ಲಿ ಚೀಟಿ ಬರೆದಿದ್ದಳು: 'ನಮ್ಮ ಊರಿನ ಧಾರಾಳತನದ ಗುರುತು.'

ಕಣಜದ ಬಾಗಿಲು ತೆರೆದ ದಿನ ಮಧ್ಯಾಹ್ನ ಜನ ಕಿಕ್ಕಿರಿದಿದ್ದರು. ಅವಳು ಸೇರನ್ನು ನೆಟ್ಟಗೆ ಇಟ್ಟು ಕಾಳು ಸುರಿದಳು. ಹಳೆಯ ಹೊಟ್ಟಿನ ಘಾಟು ಎದ್ದಿತು. ಕಣಜದ ಕಾವಲಿನ ಮುದುಕ ಮುಂದೆ ಬಂದ. ಊರಿಗೆಲ್ಲ ಅವನು ಬೀಗದಜ್ಜ.

"ಟೀಚರಮ್ಮಾ, ಪುಸ್ತಕದಲ್ಲಿರೋ ಹುಲಿ ಕಚ್ಚಲ್ಲ, ನಿಜ. ಇದು ಪುಸ್ತಕದ್ದಲ್ಲ."

"ಕಚ್ಚಿದ್ರೆ ನಿಮ್ಮ ಹತ್ತಿರಾನೇ ಔಷಧಿಗೆ ಬರ್ತೀನಿ ಅಜ್ಜ!"

ಒಬ್ಬಿಬ್ಬರು ನಕ್ಕರು. ಅವಳು ಶಾಲೆಯ ಅಳತೆಪಟ್ಟಿ ತೆಗೆದು ಸೇರಿನ ಬಾಯಿಯ ಮೇಲೆ ಎಳೆದಳು. ಸರ್‍ರ್. ಮೇಲೆ ನಿಂತಿದ್ದ ಕಾಳಿನ ಗೋಪುರ ಉದುರಿತು. ಆಟಕ್ಕೆಂದು ಆ ಸಮ ಮಾಡಿದ ಸೇರನ್ನು ಕಣಜದ ಕಸ ಗುಡಿಸುವ ಕೂಲಿಯವಳ ಸೆರಗಿಗೆ ಸುರಿಯಹೋದಳು. ಆ ಹೆಂಗಸು ಬೆಂಕಿ ಕಂಡಂತೆ ಹಿಂದೆ ಸರಿದಳು.

"ಬೇಡಮ್ಮ. ಈ ಸೇರಿನದು ನಂಗೆ ಬೇಡ."

ನಗು ನಿಂತಿತು. ಜನ ಒಬ್ಬೊಬ್ಬರಾಗಿ ಕರಗಿದರು.

ಮೊದಮೊದಲು ಅದು ತಮಾಷೆಯಂತೆಯೇ ಇತ್ತು. ಗುಂಡಿ ಹೊಲಿಯುತ್ತಿದ್ದಾಗ ಗಂಟು ಹಾಕುವಷ್ಟರಲ್ಲಿ ದಾರ ಸಾಲದಾಯಿತು. ಕೊಡ ಎಷ್ಟು ತುಂಬಿಸಿದರೂ ಕಂಠದ ಕೆಳಗೇ ನಿಂತಿತು. ನಾಲ್ವರಿಗೆ ಸಾಕಾಗುತ್ತಿದ್ದ ಅಕ್ಕಿ ಮೂವರಿಗೆ ಮುಗಿಯಿತು. "ನಿನ್ನ ಕೈ ಚಿಕ್ಕದು ಬಿಡು," ಎಂದು ಗಂಡ ಗೇಲಿ ಮಾಡಿದ.

ಆಮೇಲೆ ಎದೆಹಾಲು. ಮಗು ಹೀರುತ್ತಿತ್ತು. ಇನ್ನೇನು ಹೊಟ್ಟೆ ತುಂಬಬೇಕು, ಅಷ್ಟರಲ್ಲಿ ಬತ್ತುತ್ತಿತ್ತು. ಮಗು ಅಳುತ್ತಿತ್ತು. ಆ ಅಳುವೂ ಕೊನೆ ಮುಟ್ಟುವ ಮುಂಚೆ ಯಾರೋ ಕೊಯ್ದಂತೆ ನಿಲ್ಲುತ್ತಿತ್ತು. ಡಾಕ್ಟರು ಮಗುವಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ರೋಗ ಏನೂ ಕಾಣ್ತಿಲ್ಲಮ್ಮ. ಆದ್ರೆ ಉಸಿರು ಪೂರ್ತಿ ಎಳೀತಿಲ್ಲ."

ಆ ಮಧ್ಯಾಹ್ನ ತೊಟ್ಟಿಲ ಪಕ್ಕ ಕೂತಿದ್ದಾಗ ಅವಳಿಗೆ ಕರಗಿದ ಮೇಣದ ವಾಸನೆ ಬಂತು. ಮಗುವಿನ ಎದೆ ಮೇಲೇರಿತು. ಸರ್‍ರ್. ತೊಟ್ಟಿಲ ಅಂಚಿನ ಮೇಲೆ ಕಾಣದ ಕಡ್ಡಿಯೊಂದು ಹಾದುಹೋಯಿತು. ಏರುತ್ತಿದ್ದ ಎದೆ ಅಲ್ಲೇ ಕುಸಿಯಿತು.

ಅವಳು ಕಿರುಚಿದಳು. ಅಡುಗೆಮನೆಯಿಂದ ಓಡಿ ಬಂದ ಅತ್ತೆ, ವಾಸನೆ ಮೂಗಿಗೆ ಬಡಿದದ್ದೇ ತೊಟ್ಟಿಲ ಬುಡದಲ್ಲಿ ಕೂತುಬಿಟ್ಟರು.

"ಕೂಲಿ ಸೇರಿನ ತಳಕ್ಕೆ ಮೇಣ ಹುಯ್ದಿದ್ರು ಮಗಳೇ. ಹುಯ್ದಿದ್ದು ನಮ್ಮ ಮನೆ ಹಿರಿಯರೇ. ಅಳೆದಾಗೆಲ್ಲ ಒಂದು ಹಿಡಿ ಉಳೀತಿತ್ತು. ಊರಿಗೆಲ್ಲ ಗೊತ್ತಿತ್ತು. ಉಳಿದ ಕಾಳಲ್ಲಿ ಊರಿಗೂ ಪಾಲಿತ್ತು, ಅದಕ್ಕೇ ಯಾರೂ ತುಟಿ ಬಿಚ್ಚಲಿಲ್ಲ. ಕೂಲಿಯವಳೊಬ್ಬಳು ಬಾಣಂತಿ. ಹೊಟ್ಟೆಗಿಲ್ಲದೆ ಹಾಲು ಬತ್ತಿ, ಅವಳ ಕೂಸು ಸತ್ತುಹೋಯ್ತು. ಅವಳು ಆ ಮೇಣ ಕರಗಿಸಿ, ಕೂಸಿನ ತಲೆಗೂದಲು ಅದರೊಳಗೆ ಹಾಕಿ, ಏನೇನೋ ಅಂದು ಮತ್ತೆ ಹುಯ್ದಳಂತೆ. 'ಇನ್ನು ಯಾರಾದ್ರೂ ಇದನ್ನ ಸವರಲಿ. ನನ್ನ ಕೂಸಿಗೆ ಬೀಳದ ಹಿಡಿ ಅವರ ಮನೇಲೂ ಬೀಳದಿರಲಿ' ಅಂದಳಂತೆ. ನಾವು ಮೇಲೊಂದು ಹಿಡಿ ಹಾಕೋದು ಧಾರಾಳ ಅಲ್ಲ ಮಗಳೇ. ಭಯ."

"ಮುಂಚೆ ಯಾಕೆ ಹೇಳಲಿಲ್ಲ?"

"ನಾಚಿಕೆ. ಬೇರೆ ಮನೆಯಿಂದ ಬಂದವಳು ನೀನು. ನಿನ್ನ ಕಣ್ಣಲ್ಲಿ ಸಣ್ಣವಳಾಗೋಕೆ ಮನಸ್ಸು ಬರಲಿಲ್ಲ."

ಹೊತ್ತು ಮುಳುಗುವಾಗ, ಬಾಕಿ ಉಳಿದ ಹಿಡಿಯನ್ನು ತುಂಬಿಕೊಡಲು, ಮಗುವನ್ನೂ ಒಂದು ಚೀಲ ಕಾಳನ್ನೂ ಎತ್ತಿಕೊಂಡು ಇಬ್ಬರೂ ಕಣಜಕ್ಕೆ ಹೋದರು. ಬೀಗದಜ್ಜ ಬಾಗಿಲು ತೆರೆದ. ಒಳಗೆ ಬರಲಿಲ್ಲ. ತನ್ನ ಕಂಬಳಿಯನ್ನು ಮಗುವಿಗೆ ಹೊದಿಸಿ, ಹೊಸ್ತಿಲಾಚೆಯೇ ಮುಖ ತಿರುಗಿಸಿ ನಿಂತ.

ಕಣಜಕ್ಕೆ ಕಿಟಕಿಯಿಲ್ಲ. ಕತ್ತಲು ಹೊಟ್ಟಿನ ಧೂಳಿನಂತೆ ಗಂಟಲಿಗೆ ಇಳಿಯುತ್ತಿತ್ತು. ಅತ್ತೆ ತಡವಿ, ಯಾರೋ ಮತ್ತೆ ಮಗುಚಿಟ್ಟಿದ್ದ ಸೇರನ್ನು ನೆಟ್ಟಗಿಟ್ಟರು. ಚೀಲದಿಂದ ಕಾಳು ತೆಗೆದು ಸುರಿದರು. ಸೇರು ತುಂಬಿತು. ಮೇಲೊಂದು ಹಿಡಿ ಹಾಕಿದರು.

ಸರ್‍ರ್.

ಹಿಡಿ ಉದುರಿತು. ಮತ್ತೊಂದು ಹಿಡಿ. ಸರ್‍ರ್. ಬೊಗಸೆ ತುಂಬ ಹಾಕಿದರು. ಸರ್‍ರ್. ಮೇಣದ ವಾಸನೆ ದಟ್ಟವಾಯಿತು. ಕಾಳು ಕಾಲಿನ ಸುತ್ತ ಹರಿಯಿತು. ಯಾರೋ ಹತ್ತಿರ ಕೂತಿದ್ದರು. ಹಾಲು ಬತ್ತಿದ ಎದೆಯ ಹುಳಿ ವಾಸನೆ. ಮಗು ತಣ್ಣಗಾಗುತ್ತಿತ್ತು. ಉಸಿರು ಚಿಕ್ಕದಾಯಿತು. ಇನ್ನೂ ಚಿಕ್ಕದು. ಚೀಲ ಬರಿದಾಯಿತು.

ಏನು ಹೇಳಬೇಕೆಂದು ಸೊಸೆಗೆ ಆಗಲೇ ಗೊತ್ತಿತ್ತು. ಸವರಿದ್ದು ನಾನು. ನನ್ನದು ತಗೋ. ಎರಡೇ ಮಾತು. ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಮಾಟ ಅವಳ ಬಾಯಿ ಕಟ್ಟಿರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು, ಅಷ್ಟೇ. ಅವಳು ಕಾದಳು. ಬೇರೆ ಯಾರಾದರೂ ಹೇಳಲಿ ಎಂದು ಕಾದಳು.

ಅತ್ತೆ ನೆಲಕ್ಕೆ ಬಗ್ಗಿ, ಚೆಲ್ಲಿದ ಕಾಳನ್ನು ಕೊನೆಯದಾಗಿ ಮುಷ್ಟಿಯಲ್ಲಿ ಹಿಡಿದರು. ಸೇರಿನ ಮೇಲೆ ಆ ಕೈ ಚಾಚಿದರು.

"ಅವತ್ತಿನ ಹಿಡಿ ನಮ್ಮ ಮನೆ ತಿಂದಿದ್ದು ತಾಯಿ. ಈ ಕೂಸಿನದಲ್ಲ. ನನ್ನಿಂದ ತಗೋ."

ಮುಷ್ಟಿ ಬಿಚ್ಚಿದರು. ಕಾಳು ಬಿದ್ದಿತು. ನಿಂತಿತು. ಗೋಪುರ ಕುಸಿಯಲಿಲ್ಲ. ಮಗು ಎದೆಯುಬ್ಬಿಸಿ ಉದ್ದಕ್ಕೆ ಅತ್ತಿತು. ಆ ಅಳು ಕೊನೆಯವರೆಗೂ ಕೇಳಿಸಿತು.

ಮಗು ಈಗ ದುಂಡಗಾಗಿದೆ. ಕಣಜದಲ್ಲಿ ಸೇರು ಗೋಪುರ ಹೊತ್ತು ಕೂತಿದೆ. ಅದರ ಮುಂದಿಟ್ಟ ಚೀಟಿಯನ್ನು ಸೊಸೆ ಬದಲಿಸಿದ್ದಾಳೆ: 'ಮೋಸದ ಸೇರು. ನಮ್ಮ ಮನೆಯದು.' ಊರಿನವರು ಅದನ್ನು ಓದಿ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಕಸ ಗುಡಿಸುವವಳು ಮಾತ್ರ ಒಮ್ಮೆ ಅದನ್ನು ಓದಿಸಿಕೊಂಡು ಕೇಳಿ, ಸೊಸೆಯ ಬೆನ್ನು ಸವರಿ ಹೋದಳು.

ಅತ್ತೆಗೂ ಮೇಲ್ನೋಟಕ್ಕೆ ಏನೂ ಆಗಿಲ್ಲ. ಮೊಮ್ಮಗಳಿಗೆ ಹೊದಿಕೆ ಎಳೆಯುತ್ತಾರೆ, ಎದೆಯ ಹತ್ತಿರ ಬಂದ ಕೈ ಅಲ್ಲೇ ನಿಲ್ಲುತ್ತದೆ. ಕುತ್ತಿಗೆಯವರೆಗೆ ಹೋಗುವುದಿಲ್ಲ. ಅವರು ತಮ್ಮ ಕೈಯನ್ನೇ ನೋಡುತ್ತ ಕೂರುತ್ತಾರೆ. ಉಳಿದಷ್ಟನ್ನು ಸೊಸೆ ಎಳೆಯುತ್ತಾಳೆ.

ಸಂಜೆ ಶಾಲೆಯಿಂದ ಬಂದಾಗ ಈಗಲೂ ಬಿಸಿನೀರು ಕಾದಿರುತ್ತದೆ. ಅತ್ತೆ ಬಾಗಿಲಿಗೆ ಬರುತ್ತಾರೆ.

"ದಣಿದು ಬಂದಿದೀಯ, ಕಾಲು ತೊಳ್ಕೋ..."

ಅವರ ತುಟಿ ತೆರೆದೇ ಇರುತ್ತದೆ. ಮಾತಿನ ಕೊನೆಗೆ ಇನ್ನೊಂದು ಪದ ಬಾಕಿ ಇದೆಯೆಂದು ಅವರಿಗೂ ಗೊತ್ತು. ಹುಡುಕುತ್ತಾರೆ. ಕಣ್ಣಲ್ಲಿ ನೀರಾಡುತ್ತದೆ. ಸೊಸೆ ಹೊಸ್ತಿಲಲ್ಲೇ ನಿಂತು ಕಾಯುತ್ತಾಳೆ, ದಿನವೂ ಕಾಯುತ್ತಾಳೆ.

ಸರ್‍ರ್ ಎಂದು ಎಲ್ಲೋ ಒಂದು ಸದ್ದು. ಅತ್ತೆ ತುಟಿ ಮುಚ್ಚಿ ಒಳಗೆ ಹೋಗುತ್ತಾರೆ.