ಐವತ್ತೆರಡನೇ ಮೊಳೆ

"ಯಾರಪ್ಪಾ ಇದು, ಸಾಮಾನಿನ ಕೋಣೆಗೆ ಕೈ ಹಾಕಿದ್ದು?"

ಬಡಗಿ ಮಾವನ ಗಂಟಲೆಂದರೆ ಗಂಟಲು. ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ಇಪ್ಪತ್ತು ಮಕ್ಕಳೂ ಬ್ರಶ್ ಬಾಯಲ್ಲೇ ಇಟ್ಟುಕೊಂಡು ತಿರುಗಿ ನೋಡಿದರು.

"ನಾನೇ ಮಾವ!" ಬಾಯಿತುಂಬ ನೊರೆ ಇಟ್ಟುಕೊಂಡೇ ಕೈ ಎತ್ತಿದವಳು ನೀಟಮ್ಮ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಡುವ ಹುಡುಗಿಯನ್ನು ಕ್ಲಾಸಿನವರು ಇನ್ನೇನೆಂದು ಕರೆದಾರು? ಬೇಸಿಗೆ ರಜೆಯಲ್ಲಿ ಅವರೆಲ್ಲ ಮಿಸ್ ಜೊತೆ ಎಂಟು ಗಂಟೆ ಬಸ್ಸಿನಲ್ಲಿ ಕೂತು ಈ ಊರಿಗೆ ಬಂದಿದ್ದರು. ಹೊಳೆಗೆ ಇಳಿಯುವ ದಾರಿ ಕುಸಿದುಹೋಗಿತ್ತು. ಐದು ದಿನ ಕಲ್ಲು ಹೊತ್ತು, ಊರವರ ಜೊತೆ ಸೇರಿ ಅದನ್ನು ಕಟ್ಟಿ ಮುಗಿಸಿದ್ದರು.

ಇಡೀ ಊರಿಗೆ ಒಂದೇ ಸಾಮಾನಿನ ಕೋಣೆ. ಬಾಗಿಲಿಗೆ ಬೀಗವಿಲ್ಲ, ಯಾರು ಬೇಕಾದರೂ ಒಯ್ಯಬಹುದು. ಆದರೆ ಒಳಗೆ ನೋಡಿದರೆ, ಅಬ್ಬಬ್ಬಾ! ಸಲಿಕೆಯ ಪಕ್ಕ ಸುತ್ತಿಗೆ, ಬಾಗಿಲ ಹತ್ತಿರ ಹಗ್ಗ, ನೆಲದ ಮೇಲೆ ಏಣಿ ಅಡ್ಡಡ್ಡ. ಅದನ್ನು ಕಂಡಾಗಲೆಲ್ಲ ನೀಟಮ್ಮನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಿನ್ನೆ ಸಂಜೆ ಎಲ್ಲರೂ ಚೆಂಡಾಡುವಾಗ ಒಬ್ಬಳೇ ಒಳಗೆ ನುಗ್ಗಿ, ಐವತ್ತೆರಡು ಸಾಮಾನುಗಳನ್ನೂ ಸೈಜ್ ಪ್ರಕಾರ, ಗೋಡೆಯ ಮೊಳೆಗಳುದ್ದಕ್ಕೂ ಸಾಲಾಗಿ ಜೋಡಿಸಿದ್ದಳು.

"ಚೆನ್ನಾಗಿದೆ ಅಲ್ವಾ ಮಾವ?"

ಬಡಗಿ ಮಾವ ಬೈಯಲು ಬಾಯಿ ತೆರೆದವರು, ನೊರೆ ಮೆತ್ತಿದ ಆ ನಗುಮುಖ ನೋಡಿ ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಕೋಣೆಯೊಳಗಿಂದ ಬುಟ್ಟಿ ತಾತ ಹೊರಗೆ ಬಂದರು. ಊರಿಗೆಲ್ಲ ಬುಟ್ಟಿ ಹೆಣೆದುಕೊಡುವ ತಾತನಿಗೆ ಕಣ್ಣು ಕಾಣುವುದಿಲ್ಲ. ಅವರ ಬೆರಳಿಗೆ ಸುತ್ತಿದ್ದ ಬಟ್ಟೆ ಕೆಂಪಾಗಿತ್ತು.

"ಬಿದಿರು ಸೀಳೋ ಕತ್ತಿಗೆ ಅಂತ ಕೈ ಚಾಚಿದೆ, ಗರಗಸ ಸಿಕ್ತು. ಏನಿಲ್ಲ ಬಿಡ್ರಪ್ಪಾ, ಒಂಚೂರು ಗೀರಿದೆ," ಎಂದರು ತಾತ.

ನೀಟಮ್ಮ ಬ್ರಶ್ ಬಿಟ್ಟು ತಾತನ ಹತ್ತಿರ ಓಡಿದಳು. "ಸಾರಿ ತಾತ" ಎಂದಳು. ಅದು ಅವಳಿಗೇ ಸರಿಯಾಗಿ ಕೇಳಲಿಲ್ಲ.

"ಬೇಕಂತ ಮಾಡಿದ್ದಲ್ವಲ್ಲ," ಎಂದು ಮಿಸ್ ಅವಳ ಬೆನ್ನು ಸವರಿದರು. "ಇವತ್ತು ಕೊನೇ ದಿನ. ನಡಿ, ಎಲ್ಲರೂ ಕೆರೆಗೆ ಹೋಗೋಣ."

"ಹೌದು ಮಗು, ನಿಧಾನಕ್ಕೆ ನಾವೇ ಸರಿ ಮಾಡ್ಕೋತೀವಿ," ಎಂದರು ಬಡಗಿ ಮಾವ.

ಕೆರೆಯಲ್ಲಿ ದೋಣಿಯಿತ್ತು. ಅದನ್ನು ಹತ್ತಬೇಕೆಂದು ನೀಟಮ್ಮ ಐದು ದಿನದಿಂದ ಬೆರಳು ಮಡಚಿ ಎಣಿಸುತ್ತಿದ್ದಳು. ಆದರೂ ಅವಳು ಜಗ್ಗಲಿಲ್ಲ.

"ನಾನು ಬರಲ್ಲ ಮಿಸ್. ನಾಳೆ ಬಸ್ ಹತ್ತೋದ್ರೊಳಗೆ ಒಂದೊಂದೂ ಅದರದರ ಜಾಗಕ್ಕೆ ಹೋಗ್ಬೇಕು."

"ಯಾವ್ದು ಎಲ್ಲಿತ್ತು ಅಂತ ನೆನಪಿದ್ಯಾ?" ಕೇಳಿದ ಅವಳ ಬೆಂಚಿನವನೇ ಆದ ಗುಂಡ.

"ಇಲ್ಲ."

"ಮತ್ತೆ?"

"ಮನೆಮನೆಗೆ ಹೋಗಿ ಕೇಳ್ತೀನಿ."

ಗುಂಡ ತಲೆ ಕೆರೆದುಕೊಂಡ. "ಹಾಗಾದ್ರೆ ನಾನೂ ಇರ್ತೀನಿ. ನಂಗೆ ದೋಣಿ ಅಂದ್ರೆ ಭಯ. ಯಾರಿಗೂ ಹೇಳ್ಬೇಡ ಆಯ್ತಾ?" ಎಂದ, ಎಲ್ಲರಿಗೂ ಕೇಳುವ ಹಾಗೆ.

ಮೊದಲು ಗಾರೆ ಕೆಲಸದ ಅಕ್ಕನ ಮನೆ. ಅಕ್ಕ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ಅಕ್ಕಾ, ನಿಮ್ಮ ಸಾಮಾನು ಯಾವ ಮೊಳೆಯಲ್ಲಿತ್ತು?"

"ನಮ್ದು ಅಂತ ಯಾವ್ದೂ ಇಲ್ವಲ್ಲ ಪುಟ್ಟಿ, ಎಲ್ಲಾ ಎಲ್ಲರದ್ದೂ. ಆದ್ರೆ ಏಣಿ ಮಾತ್ರ ಮಲಗಿಸೇ ಇಡಬೇಕು. ಗೋಡೆಗೆ ಒರಗಿಸಿದ್ರೆ ತಾತನ ಹಣೆಗೆ ಬಡಿಯುತ್ತೆ."

ಆಮೇಲೆ ದರ್ಜಿ ಅಜ್ಜಿ. ಅಜ್ಜಿ ಹೊಲಿಗೆ ಮಿಷನ್ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದರು.

"ಸಣ್ಣ ಸಲಿಕೆ ತೀರಾ ಕೆಳಗಿನ ಮೊಳೆಗೆ ಹಾಕ್ಬೇಕು ಕಣೇ. ಗಾರೆ ಅಕ್ಕನಿಗೆ ಭುಜ ನೋವು. ಕೈ ಮೇಲೆತ್ತೋಕಾಗಲ್ಲ, ಪಾಪ."

"ಹಗ್ಗ ಅಜ್ಜಿ?"

"ಬಾಗಿಲ ಪಕ್ಕ. ಇನ್ನೆಲ್ಲಿ? ಹೊಳೆಗೆ ಯಾರಾದ್ರೂ ಬಿದ್ರೆ ಹುಡುಕ್ತಾ ಕೂರೋಕಾಗುತ್ತಾ?"

"ದೊಡ್ಡ ಸಲಿಕೆ ಪಕ್ಕ ಸುತ್ತಿಗೆ ಯಾಕೆ?" ಗುಂಡ ಕೇಳಿದ.

"ಆ ಸಲಿಕೆ ಹಿಡಿ ಸಡಿಲ. ಎರಡೇಟು ಹೊಡ್ಕೊಂಡೇ ಒಯ್ಯಬೇಕು. ರಿಪೇರಿ ಮಾಡು ಅಂದ್ರೆ ಆ ಬಡಗಿ, ನಾಳೆ ನಾಳೆ ಅಂತಾನೆ. ಅವನ ನಾಳೆಗೆ ಮೂರು ವರ್ಷ!"

ಹೀಗೆ ಹದಿನೇಳು ಮನೆ. ಬಿಸಿಲಿಗೆ ಗುಂಡನ ಮುಖ ಕೆಂಪಾಯಿತು, ನೀಟಮ್ಮನ ಚಪ್ಪಲಿ ಕಿತ್ತುಹೋಯಿತು. ಅವಳು ಅದಕ್ಕೊಂದು ಪಿನ್ ಚುಚ್ಚಿಕೊಂಡು ಮುಂದೆ ನಡೆದಳು. ಕೊನೆಗೆ ಮರದ ನೆರಳಲ್ಲಿ ಕೂತು ನೋಟ್‌ಬುಕ್ ತೆರೆದಳು. ಬರೆಯಲು ಹೊರಟಿದ್ದು ಸಾಮಾನಿನ ಲಿಸ್ಟ್, ಪುಟದಲ್ಲಿ ಇದ್ದದ್ದು ಬರೀ ಜನ. ಅಕ್ಕನ ಭುಜ, ತಾತನ ಹಣೆ, ಕತ್ತರಿಗೆ ಸಾಣೆ ಹಿಡಿಯಲು ಬಂದರೆ ಮೇಲಿನ ಮೊಳೆ ಎಟುಕದ ದರ್ಜಿ ಅಜ್ಜಿಯ ಕುಳ್ಳು ದೇಹ. ಒಬ್ಬರಾದರೂ ತಮ್ಮ ವಿಷಯ ಹೇಳಿದ್ದರೆ ಕೇಳಿ!

ಐವತ್ತೊಂದರ ಜಾಗ ಸಿಕ್ಕಿತು. ಉಳಿದದ್ದು ತಾತನ ಕತ್ತಿ. ಅದನ್ನು ತಾತ ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಿಲ್ಲ. ಇಬ್ಬರೂ ಓಡಿದರು. ತಾತ ಆಗಲೇ ಸಂತೆಗೆ ಹೊರಟ ಗಾಡಿಯಲ್ಲಿ ಬುಟ್ಟಿಗಳ ನಡುವೆ ಕೂತಿದ್ದರು.

"ತಾತಾ, ನಿಮ್ಮ ಕತ್ತಿ ಯಾವ ಮೊಳೆ?"

"ನಂಗೇನು ಗೊತ್ತು ಮಗು? ಕೈಗೆ ಗೊತ್ತು!" ತಾತ ನಕ್ಕರು. ಗಾಡಿ ಹೊರಟೇಬಿಟ್ಟಿತು. ಇನ್ನು ಅವರು ಬರುವುದು ರಾತ್ರಿ, ಎಲ್ಲರೂ ಮಲಗಿದ ಮೇಲೆ.

"ಮುಗೀತು ಕತೆ," ಎಂದ ಗುಂಡ.

"ಮುಗಿದಿಲ್ಲ," ಎಂದಳು ನೀಟಮ್ಮ. "ತಾತ ಕತ್ತಿಗೆ ಅಂತ ಕೈ ಚಾಚಿದಾಗ ಸಿಕ್ಕಿದ್ದು ಗರಗಸ. ಅಂದ್ರೆ ಆ ಗರಗಸ ಇರೋದೇ ಕತ್ತಿ ಮೊಳೆಯಲ್ಲಿ!"

"ಆದ್ರೆ ಗರಗಸ ಮೂರಿವೆ ಕಣೇ. ನೀನೇ ಸಾಲಾಗಿ ಹಾಕಿದ್ದು."

ಕೋಣೆಗೆ ಬಂದು ಸ್ಟೂಲು ಹತ್ತಿ, ನೀಟಮ್ಮ ಗರಗಸಗಳನ್ನು ಒಂದೊಂದಾಗಿ ನೋಡಿದಳು. ಮಧ್ಯದ್ದರ ಹಲ್ಲಿನ ಮೇಲೆ ಸಾಸಿವೆಕಾಳಿನಷ್ಟು ಕೆಂಪು ಒಣಗಿತ್ತು. ನಾಲ್ಕು ಮಡಿಕೆ ಹಾಕಿ ಇಟ್ಟುಕೊಂಡಿದ್ದ ಕರ್ಚೀಫ್ ಬಿಚ್ಚಿ ಅದನ್ನು ಒರೆಸಿದಳು. ಗರಗಸ ತೆಗೆದು ಆ ಮೊಳೆಗೆ ಕತ್ತಿ ತೂಗುಹಾಕಿದಳು. ಉಳಿದದ್ದೆಲ್ಲ ಜಾಗಕ್ಕೆ ಸೇರುವಷ್ಟರಲ್ಲಿ ಕೆರೆಗೆ ಹೋದವರು ಹಾಡುತ್ತ ಬರುವುದು ಕೇಳಿಸಿತು.

ಮರುದಿನ ಬೆಳಗ್ಗೆ ಬಸ್ ಹಾರ್ನ್ ಹೊಡೆಯುತ್ತಿದ್ದರೂ ನೀಟಮ್ಮ ಕೋಣೆಯ ಮೂಲೆ ಬಿಟ್ಟು ಕದಲಲಿಲ್ಲ. ಮೊಳೆ ತಪ್ಪಿದ್ದರೆ? ಗುಂಡ ಅವಳ ಬ್ಯಾಗನ್ನೂ ಹೊತ್ತುಕೊಂಡು ಪಕ್ಕದಲ್ಲಿ ನಿಂತಿದ್ದ.

ಬುಟ್ಟಿ ತಾತ ಬಂದರು. ಬಾಯಲ್ಲಿ ಏನೋ ಹಾಡು. ನೇರ ಒಳಗೆ ಬಂದವರೇ ಕೈ ಚಾಚಿ ಕತ್ತಿ ತೆಗೆದುಕೊಂಡು ಹೊರಟುಹೋದರು. ಹಾಡು ಎಲ್ಲೂ ನಿಲ್ಲಲಿಲ್ಲ.

"ಅಯ್ಯೋ, ಒಂದು ಥ್ಯಾಂಕ್ಸ್ ಕೂಡ ಹೇಳ್ಲಿಲ್ವಲ್ಲೇ!" ಗುಂಡನಿಗೆ ಸಿಟ್ಟೇ ಬಂತು.

ನೀಟಮ್ಮ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಮುಖ ಅರಳಿತ್ತು.

"ಹುಡುಕ್ಲಿಲ್ಲ ಕಣೋ," ಎಂದಳು ಮೆಲ್ಲಗೆ. "ನೋಡಿದ್ಯಾ? ತಾತ ಹುಡುಕ್ಲೇ ಇಲ್ಲ!"