ಫ್ಯಾನ್ ಇಲ್ಲದ ಕೋಣೆ

"ನನ್ನ ಮಾರಿ ನೋಡಲಿಕ್ಕೂ ಬ್ಯಾಸರ ಆಗೇದೇನು ನಿನಗ?"

ಶ್ರಾವ್ಯಾ ಬೆಚ್ಚಿ ಕಣ್ಣು ತೆರೆದಳು. ಬಾಗಿಲಲ್ಲಿ ಗಂಡ ವಿಶ್ವೇಶ್ವರ ನಿಂತಿದ್ದ. ಮದುವೆಯಾಗಿ ಏಳು ತಿಂಗಳಲ್ಲಿ ಅವನು ದನಿ ಎತ್ತಿದ್ದು ಇದೇ ಮೊದಲು!

ಮೇ ತಿಂಗಳ ಭಾನುವಾರದ ಮಧ್ಯಾಹ್ನ. ತಮ್ಮೂರಿನಿಂದ ದೂರ, ಬೆಹಾಲಾ ಬಡಾವಣೆಯ ಆ ಪುಟ್ಟ ಫ್ಲ್ಯಾಟ್ ಕಾದ ಹೆಂಚಿನಂತಾಗಿತ್ತು. ದೊಡ್ಡ ಕೋಣೆಯಲ್ಲಿ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಅದನ್ನು ಬಿಟ್ಟು ಇವಳು ಟ್ರಂಕು, ಅಕ್ಕಿ ಡಬ್ಬಿ ಇಡುವ, ಫ್ಯಾನೇ ಇಲ್ಲದ ಸಣ್ಣ ಕೋಣೆಯಲ್ಲಿ ಚಾಪೆ ಹಾಸಿಕೊಂಡಿದ್ದಳು. ಹೀಗೆ ಮಲಗತೊಡಗಿ ಎರಡು ತಿಂಗಳಾಗಿತ್ತು.

"ನಾ ಮಾತಾಡಿದ್ರ ಕಣ್ಣ ಮುಚ್ಚತಿ. ಬಾಜೂಕ ಮಲಗಿದ್ರ ಎದ್ದು ಈ ಖೋಲಿಗೆ ಬರ್ತಿ. ಇಂಥಾ ಧಗಿಯೊಳಗ ಬೇಯ್ತೀನಿ, ಆದ್ರ ಇವನ ಹತ್ರ ಬ್ಯಾಡ ಅಂತಿ... ಹೌದಿಲ್ಲೋ?"

ಹಾಗಲ್ಲ... ಹಾಗಲ್ಲವೇ ಅಲ್ಲ! ಆದರೆ ಎಲ್ಲಿಂದ ಶುರು ಮಾಡಲಿ?

ಅವನ ಕೈಯಲ್ಲಿ ಒಂದು ಹಾಳೆಯಿತ್ತು.

"ಹುಬ್ಬಳ್ಳಿಗೆ ವರ್ಗಾ ಕೇಳಿ ಬರದೀನಿ. ಅರ್ಜಿ ನಾಳೆ ಕೊಡ್ತೀನಿ. ನಿನ್ನ ಕೆಲಸ ಇಲ್ಲೇ ಅದ, ನೀ ಇಲ್ಲೇ ಇರು. ಇನ್ನ ತ್ರಾಸ ಕೊಡೂದಿಲ್ಲ."

ಶ್ರಾವ್ಯಾ ಎದ್ದು ಕೂರುವಷ್ಟರಲ್ಲಿ ಕಣ್ಣೊಳಗೆ ಮರಳು ಎರಚಿದಂತಾಗಿ ನೀರು ಸುರಿಯತೊಡಗಿತು. ಆ ಹಾಳು ಕಣ್ಣುಗಳ ಕಥೆಯೇ ಅದು. ಒಣಗಿ ಒಣಗಿ ಉರಿ ತಾಳಲಾರದೆ ಇದ್ದಕ್ಕಿದ್ದಂತೆ ನೀರು ಸುರಿಸಿಬಿಡುತ್ತಿದ್ದವು. ಆ ನೀರಿನಿಂದ ಒಂದಿಷ್ಟೂ ಸುಖವಿರಲಿಲ್ಲ.

"ಅಳಬ್ಯಾಡ. ನಾ ಬೈಲಿಕ್ಕೆ ಬಂದಿಲ್ಲ."

"ನಾ ಅಳ್ಲಿಕತ್ತಿಲ್ಲ ರೀ..."

"ಕಾಣ್ಲಿಕತ್ತದಲ್ಲ!"

ನಿಜಕ್ಕೂ ಅವಳು ಅಳುತ್ತಿರಲಿಲ್ಲ. ಅಳುವುದಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಸಾಲ್ಟ್ ಲೇಕ್‌ನ ಆಫೀಸಿನಲ್ಲಿ ಅವಳ ಕುರ್ಚಿ ಎಸಿಯ ಬಾಯಿಗೆ ಸರಿಯಾಗಿತ್ತು. ದಿನಕ್ಕೆ ಒಂಬತ್ತು ಗಂಟೆ ಪರದೆಯ ಮೇಲೆ ವಿಮೆ ಅರ್ಜಿಗಳನ್ನು ಓದಿ ತಪ್ಪು ಹುಡುಕುವ ಕೆಲಸ. ರೆಪ್ಪೆ ಬಡಿಯುವುದೂ ಮರೆತುಹೋಗುತ್ತಿತ್ತು. ಸಂಜೆ ಬಸ್ಸಿನ ನೂಕಾಟ ಮುಗಿಸಿ ಮನೆ ಸೇರಿದರೆ, ಕಣ್ಣು ಮುಚ್ಚಿಕೊಂಡಿರುವುದೊಂದೇ ಸಮಾಧಾನ. ಫ್ಯಾನಿನ ಗಾಳಿ ತಗುಲಿದರಂತೂ ಕಣ್ಣು ಕೆಂಡ. ಹಾಗಂತ ಆರಿಸು ಎನ್ನಲು ಬಾಯಿ ಬಂದಿರಲಿಲ್ಲ. ಅವನು ರೈಲ್ವೆ ಎಂಜಿನಿಯರು, ಇಡೀ ದಿನ ತಗಡಿನ ಶೆಡ್ಡಿನಡಿ ಬೇಯುವವನು. ಗಾಳಿ ಇಲ್ಲದಿದ್ದರೆ ಅವನಿಗೆ ನಿದ್ದೆಯೇ ಬರದು.

ಪಾಪ, ಮಲಗಲಿ ಎಂದು ಅವಳೇ ಸದ್ದಿಲ್ಲದೆ ಎದ್ದು ಬಂದಿದ್ದಳು. ಅವನು ಅದನ್ನು ಏನೆಂದುಕೊಂಡ ನೋಡಿ!

"ಏನ ಬರದೀನಿ ಓದು. ತಪ್ಪಿದ್ರ ಹೇಳು," ಎಂದು ಅವನು ಹಾಳೆ ಚಾಚಿದ.

ಅವಳು ಹಿಡಿದು ನೋಡಿದಳು. ಅಕ್ಷರಗಳು ಒಂದರ ಮೇಲೊಂದು ತೇಲಿದವು. ಎರಡು ಸಲ ರೆಪ್ಪೆ ಬಡಿದಳು. ಊಹುಂ.

"ಓದಲಿಕ್ಕೆ ಆಗವಲ್ದು. ನೀವೇ ಓದ್ರಿ."

ಅವನು ಹಾಳೆ ಕಿತ್ತುಕೊಂಡು, ಅದರಲ್ಲಿದ್ದ ಇಂಗ್ಲಿಷನ್ನು ಒರಟಾಗಿ ಕನ್ನಡದಲ್ಲಿ ಹೇಳತೊಡಗಿದ. "ವರ್ಗಾವಣೆಗೆ ಕಾರಣ... ಕೌಟುಂಬಿಕ. ನನ್ನ ಹೆಂಡತಿ... ನನ್ನ ಹೆಂಡತಿಗೆ ನನ್ನ ಜೋಡಿ..."

ಅಲ್ಲಿಗೆ ನಿಂತುಬಿಟ್ಟ. ಮತ್ತೆ ಬಾಯಿ ತೆರೆದ... ಆಗಲಿಲ್ಲ. ಹಾಳೆಯನ್ನು ಮಡಚಿದ.

ಇವನಿಗೂ ಇದು ಬೇಕಿಲ್ಲ! ಅವಳಿಗೆ ಆ ಕ್ಷಣ ಧೈರ್ಯ ಬಂತು.

"ನನಗ ನಿಮ್ಮ ಮಾರಿ ಬ್ಯಾಸರಾಗಿಲ್ಲ ರೀ... ನಿಮ್ಮ ಫ್ಯಾನ್ ಬ್ಯಾಸರಾಗೇದ!"

"ಏನು?"

ಅವಳು ಬ್ಯಾಗಿನಿಂದ ಡಾಕ್ಟರರ ಚೀಟಿ, ಔಷಧದ ಸಣ್ಣ ಬಾಟಲಿ ತೆಗೆದು ಅವನ ಕೈಗಿಟ್ಟಳು. ನಿನ್ನೆಯಷ್ಟೇ ಒಬ್ಬಳೇ ಹೋಗಿ ತೋರಿಸಿಕೊಂಡು ಬಂದಿದ್ದಳು.

"ಕಣ್ಣಾಗ ಪಸಿ ನಿಲ್ಲವಲ್ದಂತ, ಒಣಗತಾವಂತ. ಗಾಳಿ ಎದುರಿಗೆ ಕೂಡಬ್ಯಾಡ, ಆಗಾಗ ಪರದೆ ಬಿಟ್ಟು ದೂರ ನೋಡು, ಬೆಚ್ಚಗಿನ ಅರಿವಿ ಇಟ್ಟು ಕಣ್ಣ ಮುಚ್ಚಿ ಕೂಡು ಅಂದ್ರು. ದಿನಾ ನಾಕ ಸಲ ಹನಿ. ಒಮ್ಮಿಗೇ ಹೋಗೂದಲ್ಲಂತ ಇದು. ಜ್ವಾಕಿ ಮಾಡ್ಕೋತ ಇರಬೇಕಂತ."

"ಮತ್ತ ನನಗ್ಯಾಕ ಹೇಳಲಿಲ್ಲ?"

ಅವಳು ತಲೆ ತಗ್ಗಿಸಿದಳು. "ಹೆಣ್ಣ ನೋಡಲಿಕ್ಕೆ ಬಂದಾಗ ನೀವು ಹೇಳಿದ್ದು ಒಂದ ಮಾತು. ಕಣ್ಣು ಭಾಳ ಚಂದ ಅವ ಅಂತ. ಅವೇ ಕೆಟ್ಟಾವು ಅಂತ ಯಾವ ಬಾಯಿಲೆ ಹೇಳ್ಲಿ?"

ವಿಶ್ವೇಶ್ವರ ಚಾಪೆಯ ಮೇಲೆ ಕುಸಿದು ಕುಳಿತ.

"ಹುಚ್ಚಿ... ಅವತ್ತ ನಾ ಅಂಗಿ ಮ್ಯಾಲ ಚಹಾ ಚೆಲ್ಲಿಕೊಂಡೆ. ಎಲ್ಲಾರೂ ನಕ್ಕರು, ನೀ ನಗಲಿಲ್ಲ. ಸುಮ್ಮನ ಅರಿವಿ ತಂದು ಕೊಟ್ಟಿ. ಅದು ಭಾಳ ಸೇರಿತು ಅಂತ ಹೇಳಬೇಕಂತಿದ್ದೆ. ಮಂದಿ ಎದುರಿಗೆ ಬಾಯಿ ತಡವರಿಸಿ ಕಣ್ಣು ಅಂದುಬಿಟ್ಟೆ!"

ಶ್ರಾವ್ಯಾಳಿಗೆ ನಗು ಬಂತು. ನಗುತ್ತಲೇ ಅಳುವೂ ಬಂತು, ಈ ಸಲ ನಿಜವಾದ ಅಳು.

"ಹನಿ ಹಾಕ್ಕೊಂಡಿಯೇನು?"

"ನನಗ ಹಾಕ್ಕೊಳ್ಳಿಕ್ಕೆ ಬರೂದಿಲ್ಲ. ಎಲ್ಲಾ ಗಲ್ಲದ ಮ್ಯಾಲೇ ಬೀಳ್ತದ."

ಅವನು ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದು ಬಂದ. ಅವಳ ಗದ್ದ ಹಿಡಿದು ಮುಖ ಮೇಲೆತ್ತಿದ. ಕೆಳರೆಪ್ಪೆಯನ್ನು ಮೆಲ್ಲಗೆ ಸರಿಸಿದವನ ಕೈ ಹಾಗೇ ನಿಂತಿತು.

"ಇಷ್ಟ ಕೆಂಪಾಗ್ಯಾವಲ್ಲ... ನೀ ನನ್ನ ನೋಡೂದಿಲ್ಲ ಅಂತ ಸಿಟ್ಟಾದೆ. ನಾ ಎಲ್ಲಿ ನಿನ್ನ ನೋಡೀನಿ?"

ಒಂದೊಂದು ಕಣ್ಣಿಗೆ ಒಂದೊಂದು ಹನಿ ಬಿತ್ತು, ತಣ್ಣಗೆ.

"ಏಳು. ಇಲ್ಲಿ ಬ್ಯಾಡ, ಹಾಸಿಗಿ ಮ್ಯಾಲ ಮಲಕೋ."

ದೊಡ್ಡ ಕೋಣೆಗೆ ಕರೆದೊಯ್ದು ಮಲಗಿಸಿದ. ಫ್ಯಾನ್ ಆರಿಸಿದ. ಸದ್ದು ನಿಂತಿತು, ಧಗೆ ಮೈಗೆ ಅಂಟಿಕೊಂಡಿತು.

"ಅಯ್ಯ, ಹಚ್ಚರಿ! ನಿಮಗ ತಡಕೊಳ್ಳಿಕ್ಕೆ ಆಗೂದಿಲ್ಲ."

"ಸಂಜೀಕ ಸಣ್ಣ ಟೇಬಲ್ ಫ್ಯಾನ್ ತರೂಣಂತ. ನನ್ನ ಕಾಲ ಕಡೆ ಇಟ್ಟರ ಸಾಕು. ಈಗ ಕಣ್ಣ ಮುಚ್ಚು."

"ಮುಚ್ಚಿದ್ರ ನಿಮಗ ಸಿಟ್ಟ ಬರ್ತದ..."

"ಬರೂದಿಲ್ಲ. ಮುಚ್ಚು. ನಾ ಇಲ್ಲೇ ಕೂತಿರ್ತೀನಿ."

ಅವಳು ಕಣ್ಣು ಮುಚ್ಚಿದಳು. ಎಷ್ಟೋ ದಿನಗಳ ದಣಿವು ಒಮ್ಮೆಲೇ ಮೇಲೆ ಬಂತು. ಪಕ್ಕದಲ್ಲಿ ಏನೋ ಪಟಪಟ ಸದ್ದು.

"ಏನ್ರೀ ಅದು ಸಪ್ಪಳ?"

"ವರ್ಗಾ ಅರ್ಜಿ. ಬೀಸಿಕೊಳ್ಳಿಕತ್ತೀನಿ," ಎಂದ ಅವನು. "ನಿನ್ನ ಕಡೆ ಗಾಳಿ ಬರ್ಲಿಕತ್ತಿಲ್ಲಲ್ಲ?"

"ಇಲ್ಲ ರೀ," ಎಂದಳು ಶ್ರಾವ್ಯಾ ಕಣ್ಣು ಮುಚ್ಚಿಕೊಂಡೇ, ಅವನ ಕೈ ಹುಡುಕುತ್ತಾ. "ಇನ್ನಷ್ಟ ಹತ್ರ ಬರ್ರಿ."