ಅಲುಗದ ಗೆರೆ

"ಹೀಟರನ್ನ ಪೂರ್ತಿ ತಿರುಗಿಸಿದ್ದು ಇವಳೇ. ಇವತ್ತೇ ಕಾಲೇಜಿಂದ ಹೊರಗೆ!"

ವಿಭಾಗದ ಮುಖ್ಯಸ್ಥರು ಗುಡುಗಿದಾಗ ಕಿರಿಯ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಪ್ರಯೋಗಾಲಯದ ನೆಲ ಇನ್ನೂ ಒದ್ದೆಯಾಗಿತ್ತು. ನೀರನ್ನು ಒಂದೇ ಶಾಖದಲ್ಲಿ ನಿಲ್ಲಿಸುವುದನ್ನು ವಿದ್ಯಾರ್ಥಿಗಳು ಮಾಡಿ ಕಲಿಯುವ ತೊಟ್ಟಿ ನಡುವೆ ಇತ್ತು. ಬೆಳಿಗ್ಗೆ ಹೊರಗಿನ ಪರಿಶೀಲಕರು ಬಂದು ನೋಡಿ ತಲೆದೂಗಿದ್ದರು. ಅವರು ಬೆನ್ನು ತಿರುಗಿಸಿದ್ದೇ ತಡ, ನೀರು ಕುದಿದು ಉಕ್ಕಿ ಒಬ್ಬ ಹುಡುಗನ ಬಲಗೈ ಬೆಂದುಹೋಗಿತ್ತು. ಪಾಳಿಯಲ್ಲಿದ್ದವಳು ಅವನ ಜೊತೆಗಾತಿ.

ಮೇಷ್ಟ್ರು ಓಡಿಹೋಗಿ ದುರ್ಬೀನು ಮೇಡಂ ಅವರನ್ನು ಕರೆತಂದರು. ಕಾಲೇಜಿನಲ್ಲಿ ಯಾರೇ ಸುಳ್ಳು ಹೇಳಲಿ, ಹಿಡಿದುಹಾಕುವ ಹಿರಿಯ ಪ್ರಾಧ್ಯಾಪಕಿಗೆ ಹುಡುಗರಿಟ್ಟ ಹೆಸರು ಅದು.

"ನಾನು ಮುಟ್ಟೇ ಇಲ್ಲ ಮೇಡಂ," ಹುಡುಗಿ ಮುಖ್ಯಸ್ಥರತ್ತ ಕೈ ತೋರಿ ಬಿಕ್ಕಿದಳು. "ತೊಟ್ಟಿ ಹತ್ರ ಬರಬೇಡ, ಕಂಪ್ಯೂಟರ್ ತೆರೆ ನೋಡ್ಕೊಂಡಿರು ಸಾಕು ಅಂದಿದ್ರು ಈ ಸಾರೇ. ತೆರೇಲಿ ಶಾಖ ಸರಿಯಾಗೇ ಇತ್ತು."

ತೆರೆಯ ಮೇಲೆ ಎರಡು ಗೆರೆ. ನೀರಿನ ಶಾಖದ್ದು ಗುರಿಗಿಂತ ಕೂದಲೆಳೆಯಷ್ಟು ಕೆಳಗೆ, ಅಳತೆಪಟ್ಟಿ ಇಟ್ಟು ಎಳೆದಂತೆ ಸಾಗಿ, ಕೊನೆಯಲ್ಲಿ ಕುದಿಯುವ ಮಟ್ಟಕ್ಕೆ ಹಾರಿತ್ತು. ಹೀಟರಿಗೆ ಹೋದ ವಿದ್ಯುತ್ತಿನದು ಇಳಿಜಾರು ಹತ್ತಿದಂತೆ ಮೆಲ್ಲಗೆ ಏರಿತ್ತು. ಕೋಪದಲ್ಲಿ ಮೇಷ್ಟ್ರಿಗೆ ಎರಡೂ ಕಂಡವು, ಅರ್ಥವಾಗಲಿಲ್ಲ.

ಕುತ್ತಿಗೆಗೆ ಮಫ್ಲರ್ ಸುತ್ತಿದ್ದ ಮುಖ್ಯಸ್ಥರು ನಲ್ಲಿಯಿಂದ ನೀರು ಹಿಡಿದು ಕುಡಿದರು. ಅವರ ಫ್ಲಾಸ್ಕು ಮೇಜಿನ ಮೇಲೆಯೇ ಇತ್ತು.

"ಗಂಟಲು ನೋವು ಅಂತ ಮಫ್ಲರ್ ಸುತ್ತಿದೀರಿ, ತಣ್ಣೀರು ಯಾಕೆ ಸಾರ್?" ಎಂದರು ಮೇಡಂ.

"ನಿಮಗ್ಯಾಕ್ರೀ ಅದು?"

ಮೇಡಂ ಫ್ಲಾಸ್ಕು ತೆರೆದು ಮೂಸಿ, ಮೇಷ್ಟ್ರ ಕೈಗಿತ್ತರು. ಬಿಸಿನೀರು. ಯಂತ್ರದ ಎಣ್ಣೆಯ ವಾಸನೆ.

"ಪ್ರಿನ್ಸಿಪಾಲರನ್ನ ಕರೀರಿ."

ಎಲ್ಲರೂ ತೊಟ್ಟಿಯ ಸುತ್ತ ನೆರೆದರು.

"ಕೈಯಿಂದ ತಿರುಗಿಸಿದ್ರೆ ಹೀಟರ್ ಗೆರೆ ಗಬಕ್ಕನೆ ಹಾರ್ತಿತ್ತು," ಎಂದರು ಮೇಡಂ. "ಇದು ನಿಧಾನಕ್ಕೆ ಏರಿದೆ. ಏರಿಸಿದ್ದು ಹೀಟರನ್ನ ತಾನೇ ಹೆಚ್ಚು ಕಮ್ಮಿ ಮಾಡೋ ಕಂಟ್ರೋಲರ್. ನೀರು ಚೂರು ತಣ್ಣಗಿದೆ ಅಂತ ಶಾಖ ಅಳೆಯೋ ಸೆನ್ಸರ್ ಹೇಳ್ತಾನೇ ಇತ್ತು. ಕಂಟ್ರೋಲರ್ ಆ ಚೂರುಗಳನ್ನೆಲ್ಲ ಕೂಡಿಸ್ಕೊಂಡು ಶಾಖ ಹೆಚ್ಚಿಸ್ತಾನೇ ಹೋಯ್ತು."

"ನೀರು ಕುದೀತಿತ್ತಲ್ಲಮ್ಮ!" ಎಂದರು ಪ್ರಿನ್ಸಿಪಾಲರು.

"ತೊಟ್ಟೀಲಿ ಕುದೀತಿತ್ತು. ಸೆನ್ಸರ್ ತೊಟ್ಟೀಲಿರಲಿಲ್ಲ, ಫ್ಲಾಸ್ಕಲ್ಲಿತ್ತು. ತೊಟ್ಟಿ ನೀರಿನ ಗೆರೆ ಚೂರಾದ್ರೂ ನಡುಗುತ್ತೆ, ಇಷ್ಟು ನೆಟ್ಟಗಿರಲ್ಲ. ಹುಡುಗ ಕಿರುಚಿದ ಗಲಾಟೇಲಿ ಸೆನ್ಸರನ್ನ ವಾಪಸ್ ತೊಟ್ಟಿಗೆ ಇಳಿಸಿದ್ರು. ಅದಕ್ಕೇ ಕೊನೇಲಿ ಆ ನೆಗೆತ. ಸೆನ್ಸರಿನ ಎಣ್ಣೆ ಫ್ಲಾಸ್ಕಿನ ನೀರಿಗೆ ಹತ್ತಿದೆ. ಅದು ಗೊತ್ತಿದ್ದವರು ಒಬ್ಬರೇ, ಅವರು ಗಂಟಲು ನೋವಿದ್ರೂ ಫ್ಲಾಸ್ಕು ಬಿಟ್ಟು ನಲ್ಲಿಗೆ ಹೋದ್ರು."

ಮುಖ್ಯಸ್ಥರ ಮುಖ ಸುಟ್ಟ ಬದನೆಕಾಯಿಯಾಯಿತು. "ಹುಡುಗರ ಗೆರೆ ಕುಡುಕನ ಹಾಗೆ ಓಲಾಡ್ತಿತ್ತು. ಬಂದವರ ಮುಂದೆ ಮಾನ ಹೋಗ್ತಿತ್ತು. ಅದಕ್ಕೇ ಸೆನ್ಸರ್ ಫ್ಲಾಸ್ಕಲ್ಲಿಟ್ಟೆ. ಅವರು ಹೋದ್ಮೇಲೆ ತೆಗೆಯೋಣ ಅಂತಿದ್ದೆ, ಮರೆತುಹೋಯ್ತು…"

"ಓಲಾಡೋ ಗೆರೇನ ಹಿಡಿಯೋದು ಕಲಿಸೋಕೇ ಕಣ್ರೀ ಈ ತೊಟ್ಟಿ ಇರೋದು!" ಮೇಷ್ಟ್ರು ಮೇಜು ಗುದ್ದಿದರು. "ನಿಮ್ಮ ಮಾನಕ್ಕೆ ಇವಳ ಓದು ಬಲಿ ಕೊಡ್ತಿದ್ರಾ?"

ಮುಖ್ಯಸ್ಥರು ಹುಡುಗಿಯತ್ತ ಕೈ ಮುಗಿದರು. "ತಪ್ಪಾಯ್ತಮ್ಮ."

ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ನನಗಲ್ಲ ಸಾರ್. ಆಸ್ಪತ್ರೇಲಿ ಒಬ್ಬ ಮಲಗಿದಾನೆ, ತಪ್ಪೆಲ್ಲ ತನ್ನದೇ ಅಂದ್ಕೊಂಡು. ಅಲ್ಲಿಗೆ ನಡೀರಿ."

ಪ್ರಿನ್ಸಿಪಾಲರು ಬಾಗಿಲು ತೆರೆದು ಹಿಡಿದರು. ಮುಖ್ಯಸ್ಥರು ಅವಳ ಹಿಂದೆ ನಡೆದರು.